ಎರಡು ಊರಿನ ಸರ್ವರ್, ಒಂದೇ ಲೆಕ್ಕ: ಟ್ರಾನ್ಸಾಕ್ಷನ್ ನಡುವೆ ನಿಂತರೆ ಎಲ್ಲಿಂದ ಹುಡುಕಬೇಕು?

ತೀರ್ಥಹಳ್ಳಿಯ ಶಾಖೆಗೆ ಸದಸ್ಯರೊಬ್ಬರು ನಾಲ್ಕು ಕ್ವಿಂಟಲ್ ರಾಶಿ ಅಡಿಕೆ ತಂದು ಹಾಕಿದ್ದಾರೆ ಎಂದುಕೊಳ್ಳಿ. ತೂಕದ ಚೀಟಿ ಶಾಖೆಯ ಸರ್ವರ್‌ನಲ್ಲಿ ದಾಖಲಾಗಬೇಕು. ಅದೇ ಏಟಿಗೆ ಶಿವಮೊಗ್ಗದ ಪ್ರಧಾನ ಕಚೇರಿಯ ಸರ್ವರ್‌ನಲ್ಲಿ ಅವರ ಸಾಲದ ಖಾತೆಗೆ ಹಣ ಜಮೆಯಾಗಬೇಕು. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಹೀಗೆ ಒಂದೇ ಗಂಟಾಗಿ ನಡೆಯಬೇಕಾದ ಕೆಲಸವೇ ಟ್ರಾನ್ಸಾಕ್ಷನ್. ಒಂದೇ ಆದರೆ ಮಾಲು ಗೋದಾಮಿನಲ್ಲಿ ಇದ್ದೂ ಬೆಳೆಗಾರರ ಸಾಲಕ್ಕೆ ಬಡ್ಡಿ ಏರುತ್ತಲೇ ಇರುತ್ತದೆ. ಇಂಥ ಜೋಡಿ ದಾಖಲೆಯನ್ನು ಉಳಿಸಲು ಹೋದಾಗ ತೆರೆಯ ಮೇಲೆ 7391 ಅಥವಾ 8501 ಎಂಬ ದೋಷಸಂಖ್ಯೆ ಬಂದರೆ ಏನು ಮಾಡಬೇಕೆಂಬುದನ್ನು ಇಲ್ಲಿ ಕ್ರಮವಾಗಿ ನೋಡೋಣ. ಮಲೆನಾಡಿನ ಸಂಘ–ಸಂಸ್ಥೆಗಳಲ್ಲಿ ಹೆಚ್ಚಾಗಿ ಕಾಣುವ ವಿಂಡೋಸ್ ಮತ್ತು ಎಸ್‌ಕ್ಯೂಎಲ್ ಸರ್ವರ್ (ಡೇಟಾಬೇಸ್ ತಂತ್ರಾಂಶ) ಜೋಡಿಯನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇವೆ.

ಒಳಗೆ ನಡೆಯುವುದೇನು?

ಗಣಕವಿಜ್ಞಾನಿ ಜಿಮ್ ಗ್ರೇ 1978ರಲ್ಲೇ ವಿವರಿಸಿದ ಎರಡು ಹಂತದ ಕಮಿಟ್ (ದಾಖಲೆಯನ್ನು ಖಾಯಂ ಮಾಡುವುದು) ಪದ್ಧತಿ ಇದರ ತಳಹದಿ. ನಡುವೆ ಒಬ್ಬ ಸಂಯೋಜಕ ಇರುತ್ತಾನೆ. ಅವನು ಮೊದಲು ಎರಡೂ ಡೇಟಾಬೇಸ್‌ಗಳನ್ನು "ಸಿದ್ಧವೇ?" ಎಂದು ಕೇಳುತ್ತಾನೆ. ಸಿದ್ಧ ಎಂದ ಡೇಟಾಬೇಸ್ ತನ್ನ ಮಾತನ್ನು ಡಿಸ್ಕಿಗೆ ಬರೆದಿಟ್ಟು, ಆ ಸಾಲುಗಳಿಗೆ ಬೀಗ ಹಾಕಿ ಕಾಯುತ್ತದೆ. ಎಲ್ಲರೂ ಒಪ್ಪಿದರೆ ಎರಡನೇ ಹಂತದಲ್ಲಿ ಕಮಿಟ್. ಒಬ್ಬರು ಒಲ್ಲೆ ಎಂದರೂ ಎಲ್ಲ ರದ್ದು. ಒಮ್ಮೆ ಸಿದ್ಧ ಎಂದ ಮೇಲೆ ಡೇಟಾಬೇಸ್ ತಾನಾಗಿ ಹಿಂದೆ ಸರಿಯುವಂತಿಲ್ಲ. ಮುಂದೆ ಬರುವ ತೊಂದರೆಗಳಲ್ಲಿ ಅತಿ ಕಠಿಣವಾದದ್ದು ಹುಟ್ಟುವುದು ಈ ನಿಯಮದಿಂದಲೇ.

ವಿಂಡೋಸ್‌ನಲ್ಲಿ ಈ ಸಂಯೋಜಕನ ಹೆಸರು ಡಿಸ್ಟ್ರಿಬ್ಯೂಟೆಡ್ ಟ್ರಾನ್ಸಾಕ್ಷನ್ ಕೋಆರ್ಡಿನೇಟರ್, ಚಿಕ್ಕದಾಗಿ ಡಿಟಿಸಿ. ಎರಡೂ ಸರ್ವರ್‌ಗಳಲ್ಲಿ ಒಂದೊಂದು ಡಿಟಿಸಿ ಇದ್ದು, ಅವು ಡೇಟಾಬೇಸ್‌ನ ದಾರಿಯನ್ನು ಬಿಟ್ಟು ತಮ್ಮದೇ ದಾರಿಯಲ್ಲಿ ಪರಸ್ಪರ ಮಾತಾಡುತ್ತವೆ. ದೋಷವನ್ನು ತೋರಿಸುವುದು ಡೇಟಾಬೇಸ್. ಆದರೆ ಕಾರಣ ಬಹುಪಾಲು ಈ ಎರಡನೇ ದಾರಿಯಲ್ಲಿರುತ್ತದೆ. ಕ್ವೆರಿಯನ್ನು ತಿದ್ದಿ ತಿದ್ದಿ ದಿನ ಕಳೆಯುವವರಿಗೆ ಈ ಒಂದು ಮಾತು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ.

ಮೊದಲ ಪರೀಕ್ಷೆ

ಶಾಖೆಯ ಸರ್ವರ್‌ನಿಂದ ಲಿಂಕ್ಡ್ ಸರ್ವರ್ (ದೂರದ ಡೇಟಾಬೇಸ್‌ಗೆ ಇಲ್ಲಿಂದ ಕಟ್ಟಿದ ಕೊಂಡಿ) ಮೂಲಕ ಶಿವಮೊಗ್ಗದ ಯಾವುದಾದರೂ ಚಿಕ್ಕ ಟೇಬಲ್‌ಗೆ ಬರಿಯ ಸೆಲೆಕ್ಟ್ ಕೊಡಿ. ಬಳಿಕ ಅದೇ ಸೆಲೆಕ್ಟನ್ನು 'ಬಿಗಿನ್ ಡಿಸ್ಟ್ರಿಬ್ಯೂಟೆಡ್ ಟ್ರಾನ್ಸಾಕ್ಷನ್' ಮತ್ತು 'ಕಮಿಟ್' ನಡುವೆ ಇಟ್ಟು ಓಡಿಸಿ. ಎರಡೂ ಸೋತರೆ ತೊಂದರೆ ಡಿಟಿಸಿಯದಲ್ಲ. ಲೈನು, ಪಾಸ್‌ವರ್ಡ್, ಎಸ್‌ಕ್ಯೂಎಲ್‌ನ 1433ನೇ ಪೋರ್ಟ್ ನೋಡಿ. ಮೊದಲನೆಯದು ಗೆದ್ದು ಎರಡನೆಯದು ಸೋತರೆ ಮಾತ್ರ ಮುಂದಿನ ಹೆಜ್ಜೆಗಳು ನಿಮಗೆ ಬೇಕು.

ಸಂಖ್ಯೆಗಳನ್ನೂ ಓದಿಕೊಳ್ಳಿ. 8501 ಎಂದರೆ ಆ ಯಂತ್ರದಲ್ಲಿ ಡಿಟಿಸಿ ಸೇವೆ ಸಿಗುತ್ತಿಲ್ಲ; ಸರ್ವೀಸಸ್ ಪಟ್ಟಿಗೆ ಹೋಗಿ ಅದನ್ನು ಚಾಲೂ ಮಾಡಿ, ಯಂತ್ರ ಏಳುವಾಗ ತಾನೇ ಏಳುವಂತೆ ಇಡಿ. 7395 ಬಂದರೆ ಪ್ರೊಸೀಜರ್‌ನ (ಡೇಟಾಬೇಸ್‌ನಲ್ಲೇ ಬರೆದಿಟ್ಟ ಆಜ್ಞೆಗಳ ಕಟ್ಟು) ಮೊದಲ ಸಾಲಿಗೆ 'ಸೆಟ್ ಎಕ್ಸ್ಆಕ್ಟ್ ಅಬಾರ್ಟ್ ಆನ್' ಸೇರಿಸಿ. 3910 ಕಂಡರೆ, ಲಿಂಕ್ಡ್ ಸರ್ವರ್ ಹೊರಗಿನ ಯಂತ್ರಕ್ಕೆ ಹೋಗದೆ ತನ್ನತ್ತಲೇ ತಿರುಗಿದೆಯೇ ನೋಡಿ. ಒಂದೇ ಯಂತ್ರದಲ್ಲಿ ಎರಡನ್ನೂ ಪರೀಕ್ಷಿಸುವವರಿಗೆ ಇದು ಬರುತ್ತದೆ.

7391 ಹಾಗಲ್ಲ. ವಿತರಿತ ಟ್ರಾನ್ಸಾಕ್ಷನ್ ಶುರುವಾಗಲಿಲ್ಲ ಎಂದಷ್ಟೇ ಅದು ಹೇಳುತ್ತದೆ, ಕಾರಣ ಹೇಳುವುದಿಲ್ಲ. ಅದರ ಹಿಂದೆ ಬರುವ ಸಂದೇಶವನ್ನು ಓದಬೇಕು. "ನೆಟ್‌ವರ್ಕ್ ಟ್ರಾನ್ಸಾಕ್ಷನ್ ಬೆಂಬಲ ಆಫ್ ಆಗಿದೆ" ಎಂಬ ಅರ್ಥದ ಸಾಲಿದ್ದರೆ ಸೆಟ್ಟಿಂಗ್. "ಸಂವಹನದ ತೊಂದರೆಯಿಂದ ಟ್ರಾನ್ಸಾಕ್ಷನನ್ನು ಎಳೆದುಕೊಳ್ಳಲಾಗಲಿಲ್ಲ" ಎಂಬ ಅರ್ಥದ್ದಾದರೆ ಹೆಸರು ಅಥವಾ ಫೈರ್‌ವಾಲ್.

"ನಾವು ಟ್ರಾನ್ಸಾಕ್ಷನ್ ಬರೆದೇ ಇಲ್ಲವಲ್ಲ" ಎನ್ನುವವರೂ ಇದ್ದಾರೆ. ದೂರದ ಪ್ರೊಸೀಜರ್‌ನ ಫಲಿತಾಂಶವನ್ನು 'ಇನ್ಸರ್ಟ್–ಎಕ್ಸೆಕ್' ಮೂಲಕ ಇಲ್ಲಿನ ಟೇಬಲ್‌ಗೆ ತುಂಬಿಸಿದರೂ, ಟ್ರಿಗರ್ (ಟೇಬಲ್ ಬದಲಾದಾಗ ತಾನೇ ಓಡುವ ಆಜ್ಞೆ) ಒಳಗಿಂದ ದೂರದ ಟೇಬಲನ್ನು ಮುಟ್ಟಿದರೂ ಎಸ್‌ಕ್ಯೂಎಲ್ ಸರ್ವರ್ ತಾನಾಗಿಯೇ ಡಿಟಿಸಿಯನ್ನು ಕರೆಯುತ್ತದೆ. ಬರೀ ದರಪಟ್ಟಿ ಓದಿಕೊಳ್ಳುವಂಥ ಕೆಲಸಕ್ಕೆ ಅದು ಬೇಕಿಲ್ಲ. ಲಿಂಕ್ಡ್ ಸರ್ವರ್ ಆಯ್ಕೆಗಳಲ್ಲಿ 'ಪ್ರೊಮೋಷನ್ ಆಫ್ ಡಿಸ್ಟ್ರಿಬ್ಯೂಟೆಡ್ ಟ್ರಾನ್ಸಾಕ್ಷನ್ಸ್' ಎಂಬುದನ್ನು ಫಾಲ್ಸ್ ಮಾಡಿದರೆ ಇನ್ಸರ್ಟ್–ಎಕ್ಸೆಕ್‌ನ ತಾಪತ್ರಯ ತಪ್ಪುತ್ತದೆ. ಹಣ ಜಮೆಯಾಗುವ ಪ್ರೊಸೀಜರ್ ಓಡುವ ಲಿಂಕಿಗೆ ಮಾತ್ರ ಹೀಗೆ ಮಾಡಬೇಡಿ.

ಸೆಟ್ಟಿಂಗ್

2003ರ ನಂತರದ ವಿಂಡೋಸ್ ಸರ್ವರ್‌ಗಳಲ್ಲಿ ಡಿಟಿಸಿಯ ನೆಟ್‌ವರ್ಕ್ ಬಾಗಿಲು ಮುಚ್ಚಿಯೇ ಬರುತ್ತದೆ. ಕಾಂಪೊನೆಂಟ್ ಸರ್ವೀಸಸ್ ತೆರೆದು, ಮೈ ಕಂಪ್ಯೂಟರ್ ಅಡಿಯಲ್ಲಿ ಲೋಕಲ್ ಡಿಟಿಸಿಯ ಪ್ರಾಪರ್ಟೀಸ್‌ಗೆ ಹೋಗಿ, ಸೆಕ್ಯುರಿಟಿ ಟ್ಯಾಬ್‌ನಲ್ಲಿ 'ನೆಟ್‌ವರ್ಕ್ ಡಿಟಿಸಿ ಆಕ್ಸೆಸ್', 'ಅಲೋ ಇನ್‌ಬೌಂಡ್', 'ಅಲೋ ಔಟ್‌ಬೌಂಡ್' ಮೂರಕ್ಕೂ ಗುರುತು ಹಾಕಿ. ಎರಡೂ ಊರಿನ ಯಂತ್ರಗಳಲ್ಲಿ ಮಾಡಬೇಕು. ಒಂದು ಕಡೆ ಮಾಡಿ ಇನ್ನೊಂದು ಕಡೆ ಮರೆಯುವುದು ಇಲ್ಲಿನ ಅತಿ ಸಾಮಾನ್ಯ ತಪ್ಪು.

ಅದೇ ಟ್ಯಾಬ್‌ನಲ್ಲಿ ದೃಢೀಕರಣದ ಮೂರು ಆಯ್ಕೆಗಳಿವೆ. ಎರಡೂ ಸರ್ವರ್‌ಗಳು ಒಂದೇ ಡೊಮೇನ್‌ನಲ್ಲಿದ್ದರೆ (ಒಂದೇ ಕೇಂದ್ರದಿಂದ ನಿರ್ವಹಿಸುವ ವಿಂಡೋಸ್ ಜಾಲ) 'ಮ್ಯೂಚುವಲ್ ಅಥೆಂಟಿಕೇಶನ್' ಇಡಿ. ಆಗ ಎರಡು ಯಂತ್ರಗಳ ಗಡಿಯಾರದಲ್ಲಿ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬರಬಾರದು. ಡೊಮೇನ್ ಇಲ್ಲದೆ ವರ್ಕ್‌ಗ್ರೂಪ್‌ನಲ್ಲೇ ನಡೆಯುವ ಸಣ್ಣ ಕಚೇರಿಗಳಿಗೆ 'ನೋ ಅಥೆಂಟಿಕೇಶನ್' ಬಿಟ್ಟರೆ ದಾರಿಯಿಲ್ಲ. ಹಾಗಿದ್ದಲ್ಲಿ ಶಾಖೆಗೂ ಕಚೇರಿಗೂ ನಡುವೆ ವಿಪಿಎನ್ (ಇಂಟರ್ನೆಟ್ ಮೇಲೆ ಹಾಕುವ ಖಾಸಗಿ ದಾರಿ) ಕಡ್ಡಾಯ. ತೆರೆದ ಇಂಟರ್ನೆಟ್‌ಗೆ ಈ ಬಾಗಿಲನ್ನು ಬಿಡಲೇಬಾರದು.

'ಅಪ್ಲೈ' ಒತ್ತಿದೊಡನೆ ಡಿಟಿಸಿ ನಿಂತು ಮತ್ತೆ ಶುರುವಾಗುತ್ತದೆ. ಆ ಗಳಿಗೆಯಲ್ಲಿ ನಡೆಯುತ್ತಿದ್ದ ವಹಿವಾಟು ಬೀಳುತ್ತದೆ. ಮಂಡಿ ವ್ಯಾಪಾರ ಮುಗಿದ ಮೇಲೆ ಮಾಡಿ.

ಹೆಸರು ಹಿಡಿದು ಕರೆಯುವುದು

ಲಿಂಕ್ಡ್ ಸರ್ವರ್‌ಗೆ ನೀವು ಐಪಿ ವಿಳಾಸ ಕೊಟ್ಟಿರಬಹುದು, ಡೇಟಾಬೇಸ್ ಅದರಿಂದಲೇ ತೃಪ್ತ. ಡಿಟಿಸಿಗೆ ಅದು ಸಾಲದು. ತೀರ್ಥಹಳ್ಳಿಯಲ್ಲಿ ಶುರುವಾದ ಟ್ರಾನ್ಸಾಕ್ಷನ್‌ಗೆ ಸೇರಿಕೊಳ್ಳಲು ಶಿವಮೊಗ್ಗದ ಡಿಟಿಸಿ ತೀರ್ಥಹಳ್ಳಿಯ ಯಂತ್ರವನ್ನು ಅದರ ನೆಟ್‌ಬಯೋಸ್ ಹೆಸರು (ವಿಂಡೋಸ್ ಜಾಲದಲ್ಲಿ ಯಂತ್ರದ ಚಿಕ್ಕ ಹೆಸರು) ಹಿಡಿದು ವಾಪಸ್ ಕರೆಯುತ್ತದೆ. ಆ ಹೆಸರು ಯಾವ ಐಪಿ ಎಂದು ಶಿವಮೊಗ್ಗಕ್ಕೆ ಗೊತ್ತಿರಬೇಕು. ಆದ್ದರಿಂದ ಪಿಂಗ್ ಪರೀಕ್ಷೆಯನ್ನು ಹೆಸರಿನಿಂದಲೇ, ಎರಡೂ ದಿಕ್ಕಿನಿಂದ ಮಾಡಿ. ಬಂದ ಐಪಿ ವಿಪಿಎನ್‌ನ ಐಪಿಯೇ ಎಂದೂ ನೋಡಿ. ಹಳೆಯ ವಿಳಾಸವೊಂದು ಉಳಿದುಕೊಂಡು ದಾರಿ ತಪ್ಪಿಸುವುದುಂಟು.

ಹೆಸರು ಸಿಗದಿದ್ದರೆ ಹೋಸ್ಟ್ಸ್ ಫೈಲ್‌ಗೆ ಎದುರು ಯಂತ್ರದ ಐಪಿ ಮತ್ತು ಚಿಕ್ಕ ಹೆಸರನ್ನು ಒಂದು ಸಾಲಿನಲ್ಲಿ ಬರೆಯಿರಿ. ಇದನ್ನೂ ಎರಡೂ ಕಡೆ. ನೆಟ್‌ಬಯೋಸ್ ಹೆಸರಿಗೆ 15 ಅಕ್ಷರದ ಮಿತಿ ಇದೆ. ಊರು, ಶಾಖೆ, ವಿಭಾಗ ಎಲ್ಲ ಸೇರಿಸಿ ಉದ್ದದ ಹೆಸರಿಟ್ಟರೆ ಬಾಲ ಕತ್ತರಿಸಿಹೋಗುತ್ತದೆ. ಎರಡು ಶಾಖೆಗಳ ಮೊದಲ 15 ಅಕ್ಷರ ಒಂದೇ ಆದರೆ ಗೊಂದಲ ಖಚಿತ. ನಡುವೆ ರೂಟರ್ ವಿಳಾಸ ಬದಲಿಸುವ ನ್ಯಾಟ್ ಇದ್ದರೂ ಈ ವಾಪಸ್ ಕರೆ ದಾರಿ ಕಾಣದು. ಸೈಟ್‌ನಿಂದ ಸೈಟ್‌ಗೆ ನೇರ ವಿಪಿಎನ್ ಹಾಕಿಸಿಕೊಳ್ಳುವುದೇ ಮೇಲು.

ಫೈರ್‌ವಾಲ್

ಡಿಟಿಸಿ ಮೊದಲು 135ನೇ ಪೋರ್ಟ್ ತಟ್ಟುತ್ತದೆ. ಅಲ್ಲಿಂದ ಇನ್ನೊಂದು ಪೋರ್ಟಿನ ಸಂಖ್ಯೆ ಪಡೆದು ಅದಕ್ಕೆ ಹೋಗುತ್ತದೆ. ವಿಂಡೋಸ್ ಸರ್ವರ್ 2008ರಿಂದೀಚೆಗೆ ಆ ಎರಡನೆಯದು 49152ರಿಂದ 65535ರ ನಡುವೆ ಯಾವುದೂ ಆಗಬಹುದು. 135 ಮಾತ್ರ ತೆರೆದು "ಎಲ್ಲ ಸರಿಯಿದೆ" ಅಂದುಕೊಂಡವರ ಲೆಕ್ಕ ತಪ್ಪುವುದು ಇಲ್ಲಿಯೇ. ವಿಂಡೋಸ್ ಫೈರ್‌ವಾಲ್‌ನಲ್ಲಿ ಡಿಟಿಸಿ ಹೆಸರಿನ ಸಿದ್ಧ ನಿಯಮಗಳಿವೆ, ಅವನ್ನು ಆನ್ ಮಾಡಿದರೆ ಆಯಿತು. ನಡುವಿನ ರೂಟರಿಗೆ ಅಷ್ಟು ದೊಡ್ಡ ಶ್ರೇಣಿ ತೆರೆಯಲು ಮನಸ್ಸಿಲ್ಲದಿದ್ದರೆ, ರಿಜಿಸ್ಟ್ರಿಯ ಎಂಎಸ್‌ಡಿಟಿಸಿ ಕೀಲಿಯಲ್ಲಿ 'ಸರ್ವರ್ ಟಿಸಿಪಿ ಪೋರ್ಟ್' ಎಂಬ ಮೌಲ್ಯ ಸೇರಿಸಿ ಒಂದೇ ಪೋರ್ಟಿಗೆ ಕಟ್ಟಿಹಾಕಬಹುದು. ಬಳಿಕ ಡಿಟಿಸಿಯನ್ನು ಒಮ್ಮೆ ನಿಲ್ಲಿಸಿ ಶುರುಮಾಡಬೇಕು.

ಚಿಕ್ಕ ದಾಖಲೆ ಹೋಗುತ್ತದೆ, ದೊಡ್ಡದು ನಿಂತುಬಿಡುತ್ತದೆ ಎಂದಾದರೆ ಪ್ಯಾಕೆಟ್ ಗಾತ್ರ ಅಳೆಯಿರಿ. ಪಿಪಿಪಿಒಇ (ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ವಿಧಾನ) ಮೂಲಕ ಬರುವ ಫೈಬರ್ ಲೈನಿನಲ್ಲಿ ಒಂದು ಪ್ಯಾಕೆಟ್ಟಿಗೆ 1492 ಬೈಟ್ ಮಿತಿ, ವಿಪಿಎನ್ ಅದರಲ್ಲೂ ತನ್ನ ಪಾಲು ತೆಗೆದುಕೊಳ್ಳುತ್ತದೆ. ಒಡೆಯಬಾರದು ಎಂಬ ಆಯ್ಕೆಯೊಂದಿಗೆ 1400 ಬೈಟಿನ ಪಿಂಗ್ ಕಳಿಸಿ, ಹೋಗದಿದ್ದರೆ ಇಳಿಸುತ್ತ ಬನ್ನಿ. ಹೋದ ಅಂಕಿಗೆ 28 ಸೇರಿಸಿದರೆ ವಿಪಿಎನ್‌ಗೆ ಇಡಬೇಕಾದ ಎಂಟಿಯು, ಅಂದರೆ ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಸಿಗುತ್ತದೆ.

ಇಷ್ಟಾದರೂ ಹಟ ಹಿಡಿದಿದೆಯೇ? ಶಾಖೆಯ ಯಂತ್ರವನ್ನು ಪ್ರಧಾನ ಕಚೇರಿಯ ಯಂತ್ರದಿಂದ ಕ್ಲೋನ್ ಮಾಡಿದ್ದಾರೆಯೇ ಎಂದು ವಿಚಾರಿಸಿ. ಸಿಸ್‌ಪ್ರೆಪ್ (ಪ್ರತಿ ತೆಗೆಯುವ ಮುನ್ನ ಯಂತ್ರದ ಗುರುತುಗಳನ್ನು ಅಳಿಸುವ ವಿಂಡೋಸ್ ಸಲಕರಣೆ) ಓಡಿಸದೆ ಪ್ರತಿ ತೆಗೆದರೆ ಎರಡೂ ಡಿಟಿಸಿಗಳ ಗುರುತಿನ ಸಂಖ್ಯೆ ಒಂದೇ ಆಗಿ, ಒಂದು ಇನ್ನೊಂದನ್ನು ತಾನೇ ಎಂದು ತಿಳಿಯುತ್ತದೆ. ಈವೆಂಟ್ ವ್ಯೂವರ್‌ನಲ್ಲಿ ಅದರ ಸುಳಿವಿರುತ್ತದೆ. ಒಂದು ಯಂತ್ರದಲ್ಲಿ ಡಿಟಿಸಿಯನ್ನು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡಿದರೆ ಹೊಸ ಗುರುತು ಬರುತ್ತದೆ. ಹಾಗೆ ಮಾಡುವ ಮುನ್ನ ಬಾಕಿ ಟ್ರಾನ್ಸಾಕ್ಷನ್ ಒಂದೂ ಇಲ್ಲವೆಂದು ನೋಡಿಕೊಳ್ಳಿ, ಮುಗಿದ ಮೇಲೆ ಸೆಕ್ಯುರಿಟಿ ಟ್ಯಾಬ್ ಮತ್ತೆ ತುಂಬಿ.

ಕರೆಂಟು ಹೋದ ಗಳಿಗೆ

ಇನ್ನು ಮಳೆಗಾಲದ ಮಾತು. ಜೂನ್–ಜುಲೈನಲ್ಲಿ ಮರ ಬಿದ್ದು ತಂತಿ ಹರಿದರೆ ಶಾಖೆಗೆ ಕರೆಂಟೂ ಇಲ್ಲ, ಲೈನೂ ಇಲ್ಲ. ಶಿವಮೊಗ್ಗದ ಡೇಟಾಬೇಸ್ ಸಿದ್ಧ ಎಂದು ಹೇಳಿಯಾಗಿದೆ, ತೀರ್ಪು ಬರುವ ಮೊದಲೇ ತೀರ್ಥಹಳ್ಳಿ ಕತ್ತಲಾಯಿತು. ಆಗ ಶಿವಮೊಗ್ಗದಲ್ಲಿ ಆ ಟ್ರಾನ್ಸಾಕ್ಷನ್ 'ಇನ್ ಡೌಟ್' ಸ್ಥಿತಿಗೆ ಬೀಳುತ್ತದೆ. ಬೀಗ ಬಿಡುವುದಿಲ್ಲ. ಆ ಸದಸ್ಯರ ಖಾತೆ ಮುಟ್ಟಲು ಹೋದ ಮತ್ತೊಂದು ಶಾಖೆಯೂ ಕಾಯುತ್ತ ಕೂರುತ್ತದೆ.

ಇಂಥ ಹೊತ್ತಿನಲ್ಲಿ ಮಾಡಬೇಕಾದ ಮೊದಲ ಕೆಲಸ ಏನೂ ಮಾಡದೆ ಶಾಖೆಯ ಸರ್ವರನ್ನು ಎಬ್ಬಿಸುವುದು. ಅದು ಎದ್ದು ತನ್ನ ಲಾಗ್ ಓದಿ ತೀರ್ಪು ತಿಳಿಸಿದರೆ ಬೀಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅವಸರಪಟ್ಟು ಇಲ್ಲಿ ರದ್ದು ಮಾಡಿ, ಅಲ್ಲಿ ಕಮಿಟ್ ಆಗಿದ್ದರೆ, ಲೆಕ್ಕ ಒಡೆದುಹೋಯಿತು. ಅದನ್ನು ಯಾವ ಸಾಫ್ಟ್‌ವೇರೂ ಮತ್ತೆ ಕೂಡಿಸಿಕೊಡುವುದಿಲ್ಲ.

ಶಾಖೆಯ ಡಿಸ್ಕೇ ಸತ್ತಿದ್ದರೆ ಮಾತ್ರ ಕೈ ಹಾಕಿ. ಬೀಗಗಳ ಸಿಸ್ಟಮ್ ವ್ಯೂನಲ್ಲಿ ಸೆಷನ್ ಸಂಖ್ಯೆ ಮೈನಸ್ 2 ಎಂದಿರುವ ಸಾಲುಗಳೇ ಇಂಥ ಅನಾಥ ಟ್ರಾನ್ಸಾಕ್ಷನ್‌ಗಳು. ಅದೇ ಸಾಲಿನ ಓನರ್ ಜಿಯುಐಡಿಯನ್ನು (ಆ ಟ್ರಾನ್ಸಾಕ್ಷನ್‌ನ ಉದ್ದದ ಗುರುತು) ಬರೆದುಕೊಂಡು, ಮುದ್ರಿತ ತೂಕದ ಚೀಟಿಯನ್ನು ಎದುರಿಗಿಟ್ಟುಕೊಂಡು, ಇಬ್ಬರು ಒಪ್ಪಿದ ಮೇಲೆ ಆ ಗುರುತು ಕೊಟ್ಟು 'ಕಿಲ್' ಆಜ್ಞೆ ಓಡಿಸಿ. ಅದು ರದ್ದು ಮಾಡುತ್ತದೆ. ಕಮಿಟ್ ಆಗಬೇಕಿದ್ದರೆ ಕಾಂಪೊನೆಂಟ್ ಸರ್ವೀಸಸ್‌ನ ಟ್ರಾನ್ಸಾಕ್ಷನ್ ಪಟ್ಟಿಯಲ್ಲಿ ಅದನ್ನು ಆರಿಸಿ 'ರಿಸಾಲ್ವ್' ಅಡಿಯಲ್ಲಿ ಕಮಿಟ್ ಕೊಡಿ.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಬಳಸುವವರಿಗೂ ಇದೇ ಎಚ್ಚರ. ಅಲ್ಲಿ ಸಿದ್ಧಗೊಂಡು ಉಳಿದ ಟ್ರಾನ್ಸಾಕ್ಷನ್‌ಗಳು ಪಿಜಿ ಪ್ರಿಪೇರ್ಡ್ ಎಕ್ಸ್ಆಕ್ಟ್ಸ್ ಎಂಬ ವ್ಯೂನಲ್ಲಿ ಕಾಣುತ್ತವೆ. ಮರೆತರೆ ಬೀಗ ಹಿಡಿದಿಡುವುದರ ಜೊತೆಗೆ ವ್ಯಾಕ್ಯೂಮ್ (ಹಳೆಯ ಸಾಲುಗಳನ್ನು ಗುಡಿಸುವ) ಕೆಲಸವನ್ನೂ ತಡೆಯುತ್ತವೆ.

ಮುಂದೆ ಹೀಗಾಗದಂತೆ

ಟ್ರಾನ್ಸಾಕ್ಷನ್ ಶುರುವಾದ ಕಡೆಯ ಡಿಟಿಸಿಯೇ ತೀರ್ಪುಗಾರ. ಹಾಗಾಗಿ ಕರೆಂಟು ಗಟ್ಟಿಯಾಗಿರುವ ಶಿವಮೊಗ್ಗದಿಂದಲೇ ಟ್ರಾನ್ಸಾಕ್ಷನ್ ಶುರುವಾಗುವಂತೆ ಪ್ರೋಗ್ರಾಂ ಬರೆದರೆ, ಶಾಖೆ ಕತ್ತಲಾದರೂ ಪ್ರಧಾನ ಕಚೇರಿಯ ಖಾತೆಗಳು ಸಿಕ್ಕಿಬೀಳುವುದಿಲ್ಲ. ಶಾಖೆಯಲ್ಲಿ ಸರ್ವರ್ ಜೊತೆಗೆ ಫೈಬರ್ ಮೋಡೆಮ್ ಮತ್ತು ರೂಟರನ್ನೂ ಯುಪಿಎಸ್‌ಗೆ ಸೇರಿಸಿ. ಡಾಟ್‌ನೆಟ್ ಪ್ರೋಗ್ರಾಂಗಳಲ್ಲಿ ಟ್ರಾನ್ಸಾಕ್ಷನ್ ಸ್ಕೋಪ್‌ನ (ಟ್ರಾನ್ಸಾಕ್ಷನ್ ಸುತ್ತುವ ಕೋಡಿನ ಚೌಕಟ್ಟು) ಮೂಲ ಗಡುವು 1 ನಿಮಿಷ. ನಿಧಾನದ ಲೈನಿನಲ್ಲಿ ಅದು ಮೀರುತ್ತದೆ. ಗಡುವು ಹೆಚ್ಚಿಸುವುದಕ್ಕಿಂತ ಟ್ರಾನ್ಸಾಕ್ಷನ್ ಒಳಗಿನ ಕೆಲಸ ಕಡಿಮೆ ಮಾಡುವುದು ಒಳ್ಳೆಯದು.

ನಿಜ ಹೇಳಬೇಕೆಂದರೆ, ಆಗುಂಬೆ ಸೀಮೆಯಂಥ ಕಡೆ ವಾರಕ್ಕೆರಡು ಸಲ ಲೈನು ಹೋಗುವಲ್ಲಿ ಎರಡು ಹಂತದ ಕಮಿಟ್‌ಗೆ ಜೋತುಬೀಳುವುದೇ ಸರಿಯಲ್ಲ. ಶಾಖೆಯ ಸರ್ವರ್‌ನಲ್ಲೇ 'ಕಳಿಸಬೇಕಾದ್ದು' ಎಂಬ ಟೇಬಲ್ ಮಾಡಿ. ತೂಕದ ಚೀಟಿ ಮತ್ತು ಶಿವಮೊಗ್ಗಕ್ಕೆ ಹೋಗಬೇಕಾದ ಜಮೆಯ ಸಾಲು ಎರಡನ್ನೂ ಅಲ್ಲಿಯ ಒಂದೇ ಸಾಮಾನ್ಯ ಟ್ರಾನ್ಸಾಕ್ಷನ್‌ನಲ್ಲಿ ಬರೆಯಿರಿ. ಲೈನು ಇದ್ದಾಗ ಪ್ರತಿ ನಿಮಿಷಕ್ಕೊಮ್ಮೆ ಓಡುವ ಜಾಬ್ ಆ ಸಾಲುಗಳನ್ನು ಕಳಿಸಿ, ಸ್ವೀಕೃತಿ ಬಂದ ಮೇಲೆ ಗುರುತು ಹಾಕಲಿ. ಜಮೆ ಸ್ವಲ್ಪ ತಡವಾಗಬಹುದು, ತಪ್ಪುವುದಿಲ್ಲ. ಜಮೆಯ ಮೊತ್ತದ ಮೇಲಿನ ಬಡ್ಡಿಯನ್ನು ಜಮೆ ತಲುಪಿದ ದಿನದವರೆಗೆ ಹಾಕದೆ ಚೀಟಿಯ ದಿನಾಂಕಕ್ಕೇ ನಿಲ್ಲಿಸಿ, ತಡದ ಹೊರೆ ಬೆಳೆಗಾರರ ಮೇಲೆ ಬೀಳಬಾರದು. ಸ್ವೀಕೃತಿ ದಾರಿಯಲ್ಲಿ ಕಳೆದುಹೋದರೆ ಅದೇ ಸಾಲು ಎರಡನೇ ಸಲ ಹೋಗುತ್ತದೆ. ಆದ್ದರಿಂದ ಶಿವಮೊಗ್ಗದ ಟೇಬಲ್‌ನಲ್ಲಿ ಶಾಖೆಯ ಸಂಕೇತ ಮತ್ತು ಚೀಟಿ ಸಂಖ್ಯೆ ಎರಡೂ ಸೇರಿದ ಯೂನಿಕ್ ಇಂಡೆಕ್ಸ್ (ಒಂದೇ ಸಾಲು ಎರಡು ಸಲ ಸೇರದಂತೆ ತಡೆಯುವ ಸೂಚಿ) ಇರಲೇಬೇಕು. ಚೀಟಿ ಸಂಖ್ಯೆಯೊಂದನ್ನೇ ಇಟ್ಟರೆ ಸಾಗರದ 118ನೇ ಚೀಟಿ ಬಂದ ದಿನ ತೀರ್ಥಹಳ್ಳಿಯ 118 ಹೊರಗೇ ಉಳಿಯುತ್ತದೆ.