ಎಕ್ಸ್, ವೈ ವೀರ್ಯಾಣು ಬೇರ್ಪಡಿಸುವುದು ಹೇಗೆ?

ಹೋರಿಯ ಎಕ್ಸ್ ವೀರ್ಯಾಣು ಕೂಡಿದರೆ ಹೆಣ್ಣುಗರು, ವೈ ಕೂಡಿದರೆ ಗಂಡು. ಎರಡರ ನಡುವೆ ಯಂತ್ರ ನೆಚ್ಚಿಕೊಳ್ಳುವ ವ್ಯತ್ಯಾಸ ಒಂದೇ: ಎಕ್ಸ್‌ನಲ್ಲಿ ಡಿಎನ್‌ಎ ಸುಮಾರು ಶೇ 3.8ರಷ್ಟು ಹೆಚ್ಚು.

ಮೊದಲು ತಾಜಾ ವೀರ್ಯದ ಚಲನೆ ನೋಡಿ. ಮಂದವಾಗಿದ್ದರೆ ಇಲ್ಲೇ ಕೈಬಿಡಿ. ಮುಂದಿನ ಪೆಟ್ಟುಗಳನ್ನು ಅದು ತಾಳದು. ಚುರುಕಾಗಿದ್ದರೆ ಹೋಕ್ಸ್ಟ್ 33342 ಬಣ್ಣ ಬೆರೆಸಿ, 34–35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 45 ನಿಮಿಷ ಇಡಿ. ಬಣ್ಣ ಪೊರೆ ದಾಟಿ ಡಿಎನ್‌ಎಗೆ ಅಂಟಿಕೊಂಡು ಅತಿನೇರಳೆ ಬೆಳಕಿನಲ್ಲಿ ಹೊಳೆಯುತ್ತದೆ; ಡಿಎನ್‌ಎ ಹೆಚ್ಚಿದ್ದಷ್ಟೂ ಹೊಳಪು ಹೆಚ್ಚು. ಬಣ್ಣ ಕಡಿಮೆಯಾದರೆ ಯಂತ್ರದ ಪರದೆಯ ಮೇಲೆ ಎಕ್ಸ್, ವೈ ಗುಂಪುಗಳು ಒಂದರೊಳಗೊಂದು ಕಲಸಿಹೋಗುತ್ತವೆ; ಹೆಚ್ಚಾದರೆ ವೀರ್ಯಾಣುವಿಗೇ ವಿಷ. ಬಳಿಕ ಕೆಂಪು ಆಹಾರಬಣ್ಣ ಸೇರಿಸಬೇಕು. ಪೊರೆ ಹರಿದ, ಸತ್ತ ವೀರ್ಯಾಣುವಿನೊಳಗೆ ಮಾತ್ರ ನುಗ್ಗಿ ಅದರ ಹೊಳಪನ್ನು ಇದು ಮಂಕಾಗಿಸುತ್ತದೆ. ಸತ್ತವನ್ನು ಯಂತ್ರ ಗುರುತಿಸುವುದು ಹೀಗೆ.

ಬೇರ್ಪಡಿಸುವ ಯಂತ್ರವಾದ ಫ್ಲೋ ಸೈಟೋಮೀಟರಿನಲ್ಲಿ ವೀರ್ಯಾಣುಗಳು ಒಂದರ ಹಿಂದೊಂದು ಅತಿನೇರಳೆ ಲೇಸರ್ ಮುಂದೆ ಹಾಯುತ್ತವೆ. ನಿಜವಾದ ತೊಡಕು ಇಲ್ಲಿದೆ. ವೀರ್ಯಾಣುವಿನ ತಲೆ ದೋಣಿಯ ಹುಟ್ಟಿನಂತೆ ಚಪ್ಪಟೆ. ಅಂಚಿನಿಂದ ಹೊಮ್ಮುವ ಬೆಳಕು ಹೆಚ್ಚು, ಚಪ್ಪಟೆ ಮುಖದಿಂದ ಕಡಿಮೆ. ಈ ಏರುಪೇರಿನ ಮುಂದೆ ಶೇ 3.8 ಯಾವ ಲೆಕ್ಕ? ಅದಕ್ಕೇ ತಲೆಯನ್ನು ಒಂದೇ ದಿಕ್ಕಿಗೆ ತಿರುಗಿಸುವ ವಿಶೇಷ ಮೂತಿ (ನಾಜಲ್), 90 ಡಿಗ್ರಿ ಕೋನದಲ್ಲಿ ಎರಡು ಬೆಳಕಿನ ಮಾಪಕಗಳು: ಒಂದು ತಲೆ ಸರಿಯಾಗಿ ನಿಂತಿದೆಯೇ ಎಂದು ನೋಡುತ್ತದೆ, ಇನ್ನೊಂದು ಡಿಎನ್‌ಎ ಅಳೆಯುತ್ತದೆ. ಓರೆಯಾಗಿ ಹಾಯ್ದವು ಎಷ್ಟೇ ಚೆನ್ನಾಗಿದ್ದರೂ ಚರಂಡಿಗೆ. ನಷ್ಟದ ದೊಡ್ಡ ಪಾಲು ಇದೇ.

ಧಾರೆ ಹನಿಗಳಾಗಿ ಒಡೆಯುವಾಗ ಎಕ್ಸ್ ಹನಿಗೆ ಧನ, ವೈ ಹನಿಗೆ ಋಣ ವಿದ್ಯುದಂಶ ಕೊಟ್ಟರೆ, ಫಲಕಗಳು ಅವನ್ನು ಎರಡು ಬದಿಗೆ ಸೆಳೆಯುತ್ತವೆ. ವೇಗದ ಆಸೆಗೆ ಸಾಂದ್ರತೆ ಏರಿಸಿದರೆ ಒಂದೇ ಹನಿಯಲ್ಲಿ ಎರಡು ವೀರ್ಯಾಣು ಸೇರುತ್ತವೆ. ಆ ಹನಿಯನ್ನು ಬಿಸಾಡಬೇಕು, ಇಲ್ಲವೇ ಶುದ್ಧತೆ ಬಿಟ್ಟುಕೊಡಬೇಕು. ಯಂತ್ರದೊಳಗಿನ ದ್ರವದ ಒತ್ತಡವನ್ನು 50ರಿಂದ 40 ಪಿಎಸ್‌ಐಗೆ (ಚದರ ಇಂಚಿಗೆ ಪೌಂಡ್) ಇಳಿಸಿದರೆ ವೀರ್ಯಾಣುವಿಗೆ ಆಗುವ ಹಾನಿ ತಗ್ಗುತ್ತದೆ.

ಹನಿಗಳು ಬೀಳುವ ಕೊಳವೆಯಲ್ಲಿ ಮೊದಲೇ ಮೊಟ್ಟೆಯ ಹಳದಿಯ ದ್ರಾವಣ ಇರಲಿ. ಒಂದಿಷ್ಟು ಮಾದರಿಯನ್ನು ಮತ್ತೆ ಯಂತ್ರಕ್ಕೆ ಹಾಯಿಸಿ ಶುದ್ಧತೆ ಅಳೆಯಿರಿ. ಸಾಮಾನ್ಯ ಗುರಿ ಶೇ 90. ನಿಧಾನವಾಗಿ 5 ಡಿಗ್ರಿಗೆ ತಣಿಸಿ, ಸೆಂಟ್ರಿಫ್ಯೂಜಿನಲ್ಲಿ ಸಾಂದ್ರಗೊಳಿಸಿ, 0.25 ಮಿ.ಲೀ. ನಳಿಕೆಗೆ (ಸ್ಟ್ರಾ) ತುಂಬಿ ಹೆಪ್ಪುಗಟ್ಟಿಸಿದ ಮೇಲೆ ದ್ರವ ಸಾರಜನಕಕ್ಕೆ.

ಇಂಥ ನಳಿಕೆಯಲ್ಲಿರುವುದು 20ರಿಂದ 40 ಲಕ್ಷ ವೀರ್ಯಾಣು. ಸಾಮಾನ್ಯ ನಳಿಕೆಯಲ್ಲಿ ಸುಮಾರು 2 ಕೋಟಿ. ಹಾಗಾಗಿ ಬೆದೆ ಸ್ಪಷ್ಟವಾಗಿ ಕಂಡ, ಆರೋಗ್ಯವಂತ ಕಡಸುಗಳಿಗೇ ಇದನ್ನು ಮೀಸಲಿಡುವುದು ಲೇಸು.