ಇಲಿಯ ಬೆನ್ನುಹುರಿಗೆ ತಂಪು: ಮೂರನೇ ಸುತ್ತಿನಲ್ಲಿ ಕೈ ಹತ್ತಿದ್ದು

"ಐಸ್ ಇಟ್ಟು ಇಲಿ ನಡೆಸ್ತೀಯಾ?" ಅಂತ ನಮ್ಮ ಹಿರಿಯರೊಬ್ಬರು ಎಲ್ಲರ ಎದುರಿಗೇ ಕೇಳಿದ್ದರು. ಬೆನ್ನುಹುರಿಗೆ ಪೆಟ್ಟಾಗಿ ಹಿಂಗಾಲು ಸೋತ ಇಲಿಗೆ ತಂಪು ಕೊಟ್ಟರೆ ಮತ್ತೆ ನಡೆದೀತಾ ಅನ್ನುವುದು ನನ್ನ ಪ್ರಯೋಗ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ಸುತ್ತು ಪ್ರಯೋಗ ಮಾಡಿ ಎರಡರಲ್ಲೂ ಮಣ್ಣು ಮುಕ್ಕಿದ್ದೆ. ಮೂರನೇ ಸುತ್ತಿನ ಇಲಿಗಳು ಹಿಂಗಾಲು ಊರಿದ ಮೇಲೆ ಬರೆಯುವ ಧೈರ್ಯ ಬಂದಿದೆ.

ಲ್ಯಾಮಿನೆಕ್ಟಮಿ (ಹುರಿ ಕಾಣುವಂತೆ ಬೆನ್ನುಮೂಳೆಯ ಹಿಂಭಾಗ ತೆಗೆಯುವುದು), ಹುರಿಗೆ ಅಳತೆಯ ಪೆಟ್ಟು ಕೊಡಲು ತೂಕ ಬೀಳಿಸುವ ಯಂತ್ರ, ಬಿಬಿಬಿ ಅಂಕ (ಹಿಂಗಾಲಿನ ನಡಿಗೆಗೆ 0ರಿಂದ 21ರ ವರೆಗೆ ಕೊಡುವ ಅಂಕ) ಎಲ್ಲ ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವುದೇ. ನಾನು ಬಳಸಿದ್ದು 10 ಗ್ರಾಂ ಸರಳು, 25 ಮಿಲಿಮೀಟರ್ ಎತ್ತರ. ಎಥಿಕ್ಸ್ ಕಮಿಟಿಯ ಅನುಮತಿಗೇ ತಿಂಗಳುಗಟ್ಟಲೆ ಹಿಡಿಯಿತು, ಆ ಪುರಾಣ ಬಿಡಿ.

ಮೊದಲ ಸುತ್ತಿನಲ್ಲಿ ತಂಪು ಕೊಟ್ಟ ಇಲಿಗೂ ಕೊಡದ ಇಲಿಗೂ ವ್ಯತ್ಯಾಸವೇ ಇಲ್ಲ. ಒಂದು ತಿಂಗಳು ಮುಖ ಸಣ್ಣ ಮಾಡಿಕೊಂಡು ಓಡಾಡಿದೆ. ಆಮೇಲೆ ಒಂದು ಸಂಜೆ ಸುಮ್ನೆ ಉಷ್ಣಾಂಶದ ಪುಸ್ತಕ ತಿರುವಿ ಹಾಕುವಾಗ ಕಣ್ಣಿಗೆ ಬಿತ್ತು. ಕಂಟ್ರೋಲ್ ಇಲಿಗಳೂ, ಅಂದರೆ ಹೋಲಿಕೆಗೆಂದು ತಂಪು ಕೊಡದೆ ಬಿಟ್ಟವೂ, 34 ಡಿಗ್ರಿ ಆಸುಪಾಸಿನಲ್ಲೇ ಇದ್ದವು! ಐಸೊಫ್ಲೂರೇನ್ ಅರಿವಳಿಕೆ ಕೊಟ್ಟ ಇಲಿ, ಬೋಳಿಸಿದ ಬೆನ್ನು, ತೆರೆದ ಗಾಯ, ತಣ್ಣನೆಯ ಮೇಜು. ಮೈ ತಾನಾಗಿಯೇ ತಣ್ಣಗಾಗುತ್ತದೆ, ಅಲ್ವಾ? ನಾನು ತಣ್ಣಗಿನ ಇಲಿಯನ್ನು ಇನ್ನೊಂದು ತಣ್ಣಗಿನ ಇಲಿಯ ಜೊತೆ ತೂಗುತ್ತಿದ್ದೆ. ಅಂದಿನಿಂದ ಕಂಟ್ರೋಲ್ ಇಲಿಯ ಕೆಳಗೆ, ಮೈಯ ಉಷ್ಣಾಂಶ ಅಳೆಯುವ ಪ್ರೋಬ್‌ಗೆ ಜೋಡಿಸಿದ ಹೀಟಿಂಗ್ ಪ್ಯಾಡ್ ಕಡ್ಡಾಯ. 37ಕ್ಕಿಂತ ಇಳಿದರೆ ಆ ಇಲಿ ಲೆಕ್ಕಕ್ಕಿಲ್ಲ.

ಎರಡನೇ ಸುತ್ತಿನಲ್ಲಿ ಇಡೀ ಮೈ ತಣ್ಣಗೆ ಮಾಡಲು ಹೋದೆ. ರೋಮಕ್ಕೆ ಸ್ಪಿರಿಟ್ ಚಿಮುಕಿಸಿ ಫ್ಯಾನ್ ಹಾಕಿದರೆ ಅರ್ಧ ಗಂಟೆಯೊಳಗೆ 33. ಆದರೆ ಫ್ಯಾನ್ ಆರಿಸಿದರೂ ಇಳಿಯುವುದು ನಿಲ್ಲಲಿಲ್ಲ. ಇಳಿಜಾರಿನಲ್ಲಿ ಬಿಟ್ಟ ಗಾಡಿಯ ಹಾಗೆ 31, 30 ಅಂತ ಹೋಗಿಬಿಟ್ಟಿತು. ಮೈ ತಣ್ಣಗಾದಷ್ಟೂ ಅರಿವಳಿಕೆ ಕಡಿಮೆ ಸಾಕು ಅನ್ನುವುದು ಓದಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಅರಿವಳಿಕೆಯ ಡಯಲ್ ಇದ್ದ ಹಾಗೇ ಬಿಟ್ಟೆ. ಎರಡು ಇಲಿ ಉಸಿರು ನಿಲ್ಲಿಸಿದವು. ಇನ್ನೂ ಮೂರೋ ನಾಲ್ಕೋ ಹೋದದ್ದು ಬಿಸಿ ಮಾಡುವಾಗ. ಮನೆಗೆ ಹೋಗುವ ಅವಸರದಲ್ಲಿ ದೀಪ ಹತ್ತಿರ ಇಟ್ಟಿದ್ದೆ. ರಕ್ತನಾಳಗಳು ಒಮ್ಮೆಲೇ ಸಡಿಲವಾಗಿ ರಕ್ತದೊತ್ತಡ ಕುಸಿಯಿತು. ಈಗ ಗಂಟೆಗೆ ಒಂದು ಡಿಗ್ರಿ, ಜಾಸ್ತಿ ಇಲ್ಲ. ರಾತ್ರಿ ಎಷ್ಟೇ ಹೊತ್ತಾಗಲಿ.

ಮೂರನೇ ಸುತ್ತಿಗೆ ಗಾಯದ ಜಾಗಕ್ಕೆ ಮಾತ್ರ ತಂಪು. ತಾನೇ ಉಷ್ಣಾಂಶ ಸರಿಮಾಡಿಕೊಳ್ಳುವ ರೆಡಿಮೇಡ್ ಯಂತ್ರದ ಬೆಲೆ ನೋಡಿದೆ. ಆ ವರ್ಷದ ಗ್ರಾಂಟ್ ಪೂರ್ತಿ ಸುರಿದರೂ ಸಾಲದು. ಹಾಗಾಗಿ ಮೀನಿನ ತೊಟ್ಟಿಯ ಪಂಪು, ಥರ್ಮೋಕೋಲ್ ಡಬ್ಬಿ, ಐಸ್ ನೀರು, ಸಣ್ಣ ತಾಮ್ರದ ಕೊಳವೆ. ಕೊಳವೆಯನ್ನು ಬಗ್ಗಿಸಿ ಚರ್ಮದ ಕೆಳಗೆ, ಬೆನ್ನಿನ ಸ್ನಾಯುವಿನ ಮೇಲೆ ಕೂರಿಸಿದೆ. ಯಾವ ಆಕಾರಕ್ಕೆ ಬಗ್ಗಿಸಿದೆ, ಜಾರದಂತೆ ಹೇಗೆ ನಿಲ್ಲಿಸಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನಡುವೆ, ಕರೆಂಟ್ ಹರಿಸಿದರೆ ಒಂದು ಮಗ್ಗುಲು ತಣ್ಣಗಾಗುವ ಪೆಲ್ಟಿಯರ್ ಚಿಪ್‌ನ ಹುಚ್ಚೂ ಹಿಡಿದಿತ್ತು. ಆ ಮಗ್ಗುಲು ನೀರು ಬೆವರಿತು, ಆ ನೀರು ತಂತಿಗೆ ಇಳಿಯಿತು, ಸುಟ್ಟ ವಾಸನೆಯೊಂದಿಗೆ ಆ ಅಧ್ಯಾಯ ಮುಗಿಯಿತು.

ದುಡ್ಡು ನಿಜವಾಗಿ ಹೋದದ್ದು ಪಂಪಿಗಲ್ಲ, ಉಷ್ಣಾಂಶ ಅಳೆಯುವ ತಂತಿಗೆ, ಅಂದರೆ ಥರ್ಮೋಕಪಲ್‌ಗೆ. ಕೂದಲೆಳೆಯಷ್ಟು ತೆಳು, ಮುಟ್ಟಿದರೆ ಮುರಿಯುತ್ತದೆ. ಮೂರು ಮುರಿದೆ. ಮೂರನೆಯದು ಮುರಿದ ದಿನ ಅಳು ಬಂದಿತ್ತು. ಆದರೂ ಅದಿಲ್ಲದೆ ಆಗುವುದಿಲ್ಲ. ಗುದದಲ್ಲಿ 37 ತೋರಿಸುವಾಗ ಬೆನ್ನುಹುರಿಯ ಹತ್ತಿರ ಎಷ್ಟಿದೆ ಅಂತ ಊಹಿಸಿ ಕೆಲಸ ಮಾಡಬೇಡಿ. ಪೆಟ್ಟು ಬಿದ್ದ ಹುರಿಯ ಪಕ್ಕ ತಂತಿ ತೂರಿಸಿದರೆ ಅದೇ ಇನ್ನೊಂದು ಗಾಯ. ಅದಕ್ಕೆ ಪೆಟ್ಟಿಲ್ಲದ ನಾಲ್ಕೈದು ಇಲಿಗಳಲ್ಲಿ ಮೊದಲೇ ಸ್ನಾಯುವಿನ ಉಷ್ಣಾಂಶ, ಹುರಿಯ ಪೊರೆಯ ಮೇಲಿನ ಉಷ್ಣಾಂಶ ಎರಡನ್ನೂ ಅಳೆದು ತಾಳೆ ಪಟ್ಟಿ ಮಾಡಿಕೊಂಡೆ. ಆಮೇಲೆ ಸ್ನಾಯು ನೋಡಿದರೆ ಸಾಕು. ಗುರಿ ಸುಮಾರು 32–33, ನಾಲ್ಕು ಗಂಟೆ ಹೊತ್ತು.

ನಿಮ್ಮ ತಲೆಯಲ್ಲಿ ಇರುವ ಪ್ರಶ್ನೆ ಗೊತ್ತು. 1968ರಲ್ಲಿ ಸಂಶೋಧಕ ಆಲ್ಬಿನ್ ಅವರ ತಂಡ ಕೋತಿಗಳಲ್ಲಿ ಪೆಟ್ಟಾದ ಎಷ್ಟೋ ಹೊತ್ತಿನ ಮೇಲೆ ಹುರಿಯ ಮೇಲೆ ತಣ್ಣನೆಯ ದ್ರವ ಹರಿಸಿ ತಂಪು ಕೊಟ್ಟು ಚೇತರಿಕೆ ತೋರಿಸಿತು. 1973ರಲ್ಲಿ ಟೇಟರ್ ಮತ್ತು ಡೀಕೆ ಎಂಬ ಸಂಶೋಧಕರು ಬೆಚ್ಚಗಿನ ದ್ರವ ಹರಿಸಿದರೂ ಉಪಯೋಗ ಇದೆ ಅಂದರು. ಹಾಗಾದರೆ ಕೆಲಸ ಮಾಡಿದ್ದು ತಂಪೋ, ತೊಳೆದದ್ದೋ? ನನ್ನ ಕೊಳವೆಯ ನೀರು ಹುರಿಯನ್ನು ಮುಟ್ಟುವುದೇ ಇಲ್ಲವಲ್ಲ, ತೊಳೆಯುವ ಮಾತು ಬರುವುದಿಲ್ಲ. ಆದರೂ ಬಾಯಿ ಮುಚ್ಚಿಸಲು ಇನ್ನೊಂದು ಗುಂಪಿಗೆ ಅದೇ ಕೊಳವೆಯಲ್ಲಿ 37 ಡಿಗ್ರಿಯ ನೀರು ಹರಿಸಿದೆ. ಅವು ಕಂಟ್ರೋಲ್ ಇಲಿಗಳ ಹಾಗೇ ಉಳಿದವು.

ಆಪರೇಷನ್‌ಗಿಂತ ಸಾಕುಸಾಕು ಮಾಡಿದ್ದು ಆಮೇಲಿನ ಆರೈಕೆ. ಹುರಿಗೆ ಪೆಟ್ಟಾದ ಇಲಿಗೆ ತಾನಾಗಿ ಮೂತ್ರ ಮಾಡಲು ಆಗುವುದಿಲ್ಲ. ದಿನಕ್ಕೆ ಮೂರು ಸಲ ಹೊಟ್ಟೆ ಒತ್ತಿ ಮೂತ್ರ ತೆಗೆಯಬೇಕು. ಬೆರಳಿಗೆ ಮೂತ್ರಕೋಶ ಹುಣಸೆಬೀಜದಷ್ಟು ಸಿಕ್ಕರೆ ನೆಮ್ಮದಿ, ದ್ರಾಕ್ಷಿಯಷ್ಟು ಗಟ್ಟಿಯಾಗಿ ಸಿಕ್ಕರೆ ಹಿಂದಿನ ಪಾಳಿಯವರು ಒತ್ತಿಲ್ಲ ಅಂತ ಅರ್ಥ. ಮೂತ್ರ ಕೆಂಪಾದರೆ ಆ ವಾರ ನಿದ್ದೆ ಇಲ್ಲ.

ಆರನೇ ವಾರ ಅಂಕ ಹಾಕಿದ್ದು ನಾನಲ್ಲ, ಯಾವ ಇಲಿ ಯಾವ ಗುಂಪಿನದು ಅಂತ ಗೊತ್ತಿಲ್ಲದ ಇಬ್ಬರು. 21ಕ್ಕೆ ಕಂಟ್ರೋಲ್ ಇಲಿಗಳು 8–9, ತಂಪಿನವು 11ರ ಹತ್ತಿರ. ಎರಡೇ ಅಂಕ ಅನ್ನಬಹುದು. ಆದರೆ ಆ ಎರಡು ಅಂಕದ ನಡುವೆಯೇ ಇಲಿ ಪಾದ ಊರಿ, ಮೈಭಾರ ಹೊತ್ತು ಹೆಜ್ಜೆ ಇಡಲು ಶುರುಮಾಡುವುದು. ಮುಂಗಾಲು ಹಿಂಗಾಲಿನ ತಾಳಮೇಳ ಇನ್ನೂ ಬಂದಿಲ್ಲ, ಒಪ್ಪಿಕೊಳ್ಳುತ್ತೇನೆ.

ಬೆನ್ನಿನ ಡಿಸ್ಕ್ ಜಾರಿದ ನಾಯಿಗೆ ಇದನ್ನು ಮಾಡಬಹುದಾ ಅಂತ ಇಬ್ಬರು ಕೇಳಿದ್ದಾರೆ. ನಾನು ಮಾಡಿದ್ದು ಇಲಿಗೆ, ಅದೂ ಪೆಟ್ಟು ಬಿದ್ದ ಅರ್ಧ ಗಂಟೆಯೊಳಗೆ. ನಾಯಿಯಲ್ಲಿ ಹುರಿಯನ್ನು ಒತ್ತುತ್ತಿರುವ ಡಿಸ್ಕನ್ನು ಹಾಗೇ ಬಿಟ್ಟು ತಂಪು ಕೊಟ್ಟು ಕೂರುವುದು ತಪ್ಪು. ಸದ್ಯ ನಾಲ್ಕು ಗಂಟೆ ತಡಮಾಡಿ ಶುರುಮಾಡಿದ ಇಲಿಗಳನ್ನು ನೋಡುತ್ತಿದ್ದೇನೆ. ಎರಡನೇ ವಾರ, ಕಾಲು ಇನ್ನೂ ಎಳೆಯುತ್ತಿವೆ. ಐಸ್ ವಿಚಾರ ಕೇಳಿದ್ದ ಹಿರಿಯರು ಮೊನ್ನೆ ಬಂದು, ಪಂಪು ಎಷ್ಟು ಲೀಟರಿನದು ಅಂತ ಮೆಲ್ಲಗೆ ಕೇಳಿಕೊಂಡು ಹೋದರು.