ಟಂಗ್‌ಸ್ಟನ್ ಕರಗಿಸುವ ಹಟ ಬಿಟ್ಟ ಮೇಲೆ

ಶಿವಮೊಗ್ಗದ ಹೊರವಲಯದಲ್ಲಿರುವ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಕಬ್ಬಿಣ ಕರಗಿಸಿ ಮರಳಚ್ಚಿಗೆ ಎರೆಯುವುದು ಈ ಊರಿಗೆ ಹೊಸ ವಿದ್ಯೆಯಲ್ಲ. ನಾನೂ ಫೌಂಡ್ರಿಯಲ್ಲಿ ಕೆಲಸ ಕಲಿತವನು. ಹಾಗಾಗಿ, ಲೋಹದ ಪುಡಿಯನ್ನು ತೆಳುವಾಗಿ ಹಾಸಿ, ಲೇಸರ್‌ನಿಂದ ಕರಗಿಸುತ್ತ ಪದರದ ಮೇಲೆ ಪದರ ಕಟ್ಟುವ ಯಂತ್ರವೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಾಗ, ಲೋಹ ಪೂರ್ತಿ ಕರಗಿದರೆ ಮಾತ್ರ ವಸ್ತು ಗಟ್ಟಿಯಾಗುತ್ತದೆ ಎಂಬ ಎರಕದ ಮನೆಯ ನಂಬಿಕೆಯನ್ನೂ ಜೊತೆಗೇ ತಂದಿದ್ದೆ. ಟಂಗ್‌ಸ್ಟನ್ ವಿಷಯದಲ್ಲಿ ಆ ನಂಬಿಕೆಯೇ ನನ್ನ ಆರು ತಿಂಗಳನ್ನು ನುಂಗಿತು.

ನಮಗೆ ಬಂದ ಕೆಲಸ ಎಕ್ಸ್‌ರೇ ಉಪಕರಣದ ಕಾಲಿಮೇಟರ್, ಅಂದರೆ ಕಿರಣಗಳು ಅತ್ತಿತ್ತ ಚದುರದಂತೆ ತಡೆಯುವ, ತೆಳುಗೋಡೆಗಳ ಒಂದು ಜಾಲರಿ. ಇಂಥ ತಡೆಗೆ ಸಾಮಾನ್ಯವಾಗಿ ಬಳಸುವ ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ, ಟಂಗ್‌ಸ್ಟನ್‌ನದು 19.25. ಅಷ್ಟೇ ತಡೆಗೆ ಟಂಗ್‌ಸ್ಟನ್ ಗೋಡೆ ಹೆಚ್ಚು ತೆಳುವಾಗಿದ್ದರೂ ಸಾಕು. ಆದರೆ ಅದು ಕರಗಬೇಕಾದರೆ 3422 ಡಿಗ್ರಿ ಸೆಲ್ಸಿಯಸ್ ಬೇಕು. ನಮ್ಮ ಯಂತ್ರದ ಲೇಸರ್ 400 ವಾಟ್‌ನದು, ತಳದ ಪ್ಲೇಟ್ ಕಾಯುವುದು 200 ಡಿಗ್ರಿಯವರೆಗೆ ಮಾತ್ರ.

ಮೊದಲು ಶುದ್ಧ ಟಂಗ್‌ಸ್ಟನ್ ಪುಡಿಯನ್ನೇ ಉಕ್ಕಿನ ಪ್ಲೇಟಿನ ಮೇಲೆ ಕಟ್ಟಿದೆ. ಹತ್ತಿಪ್ಪತ್ತು ಪದರವಾಗುವಷ್ಟರಲ್ಲಿ ತುಣುಕುಗಳ ಅಂಚು ಹಪ್ಪಳದಂತೆ ಮೇಲೆದ್ದಿತ್ತು. ಬಿಸಿಗೆ ಹಿಗ್ಗಿ ತಣ್ಣಗಾದಾಗ ಕುಗ್ಗುವ ಪ್ರಮಾಣ ಉಕ್ಕಿನಲ್ಲಿ ಟಂಗ್‌ಸ್ಟನ್‌ಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಇರುವಾಗ ಇನ್ನೇನಾಗಲು ಸಾಧ್ಯ? ಪ್ಲೇಟನ್ನು ಟಂಗ್‌ಸ್ಟನ್‌ನದಕ್ಕೆ ಬದಲಿಸಿದ ಮೇಲೆ ತುಣುಕು ಏಳಲಿಲ್ಲ, ಆದರೆ ಪಾಲಿಶ್ ಮಾಡಿ ಸೂಕ್ಷ್ಮದರ್ಶಕದಡಿ ಇಟ್ಟರೆ ಕೊಯ್ಲಾದ ಮೇಲೆ ಬಿಸಿಲಿಗೆ ಒಡೆದ ಗದ್ದೆಯಂತೆ ಮೈತುಂಬ ಬಿರುಕು. ಲೇಸರ್‌ನ ಶಕ್ತಿ, ವೇಗ, ಅದು ಎಳೆಯುವ ಗೆರೆಗಳ ನಡುವಿನ ಅಂತರ ಎಲ್ಲವನ್ನೂ ಬದಲಿಸಿ ನೋಡಿದೆ; ಬಿರುಕಿನ ನಕ್ಷೆ ಬದಲಾಯಿತೇ ಹೊರತು ಬಿರುಕು ಹೋಗಲಿಲ್ಲ. ಟಂಗ್‌ಸ್ಟನ್ ಕೆಲವು ನೂರು ಡಿಗ್ರಿಗಿಂತ ಕೆಳಗೆ ಪೆಡಸಾಗುವ ಲೋಹ. ಕರಗಿದ ಗೆರೆ ತಣಿಯುತ್ತ ಆ ಮಿತಿಯನ್ನು ದಾಟಿದ ಮೇಲೆ, ಕುಗ್ಗುವ ಎಳೆತಕ್ಕೆ ಬಾಗಿಕೊಡಲಾರದೆ ಸಿಡಿಯುತ್ತದೆ. ಲೋಹದೊಳಗಿನ ಹರಳುಕಣಗಳ ಗಡಿಯಲ್ಲಿ ಶೇಖರವಾಗುವ ಆಮ್ಲಜನಕ ಆ ಗಡಿಗಳನ್ನು ಇನ್ನಷ್ಟು ದುರ್ಬಲಗೊಳಿಸುತ್ತದೆ. ಪ್ಲೇಟನ್ನು 800, 1000 ಡಿಗ್ರಿಗೆ ಕಾಯಿಸುವ ಯಂತ್ರವಿದ್ದವರ ಮಾತು ಬೇರೆ. ನಮ್ಮ 200 ಡಿಗ್ರಿಯಿಂದ ಆಗುವ ಕೆಲಸ ಅದಾಗಿರಲಿಲ್ಲ.

ಕೊನೆಗೆ ಹಳೆಯ ಹೆವಿ ಅಲಾಯ್‌ಗೆ, ಅಂದರೆ ತೂಕದಲ್ಲಿ 90 ಪಾಲು ಟಂಗ್‌ಸ್ಟನ್, 7 ಪಾಲು ನಿಕ್ಕಲ್, 3 ಪಾಲು ಕಬ್ಬಿಣದ ಮಿಶ್ರಲೋಹಕ್ಕೆ ಬಂದೆ. ಇಲ್ಲಿಯೂ ಮಾಡಿದ್ದು ಅದೇ ತಪ್ಪು. ಶುದ್ಧ ಟಂಗ್‌ಸ್ಟನ್‌ಗೆ ಬಳಸಿದ್ದ ಲೆಕ್ಕವನ್ನೇ, ಅಂದರೆ 350 ವಾಟ್ ಶಕ್ತಿ, ಸೆಕೆಂಡಿಗೆ 200 ಮಿಲಿಮೀಟರ್ ವೇಗ, 0.08 ಮಿಲಿಮೀಟರ್ ಗೆರೆಯಂತರ, 0.03 ಮಿಲಿಮೀಟರ್ ಪದರ ಎಂದು ಹಾಕಿದೆ. ಲೇಸರ್ ಸುರಿಯುವ ಶಕ್ತಿ ಘನ ಮಿಲಿಮೀಟರಿಗೆ ಸುಮಾರು 730 ಜೂಲ್ ಆಗುತ್ತದೆ. ಯಂತ್ರದ ಕೋಣೆಯೆಲ್ಲ ಹೊಗೆ, ಲೇಸರ್ ಹಾಯುವ ಗಾಜಿನ ಮೇಲೆ ಕಪ್ಪು ಮಸಿ, ತುಣುಕಿನೊಳಗೆ ರಂಧ್ರಗಳು. ಕಾರಣ ಹೊಳೆದಾಗ ನಗು ಬಂತು: ನಿಕ್ಕಲ್, ಕಬ್ಬಿಣ ಎರಡೂ 3000 ಡಿಗ್ರಿ ಮುಟ್ಟುವ ಮೊದಲೇ ಕುದಿದು ಆವಿಯಾಗುತ್ತವೆ. ಟಂಗ್‌ಸ್ಟನ್ ಕರಗಲೆಂದು ನಾನು ಕಾಯುತ್ತಿದ್ದ ಹೊತ್ತಿಗೆ ಅದನ್ನು ಹಿಡಿದಿಡಬೇಕಾದ ಅಂಟೇ ಹಾರಿಹೋಗುತ್ತಿತ್ತು.

ನಮ್ಮ ಕಡೆ ಜಂಬಿಟ್ಟಿಗೆ ಗೋಡೆ ಕಟ್ಟುವವರು ಕಲ್ಲನ್ನು ಕರಗಿಸುವುದಿಲ್ಲ, ಗಾರೆಯನ್ನು ಸಂದಿಗಳಿಗೆ ತುಂಬುತ್ತಾರೆ. ಇಲ್ಲಿಯೂ ನಿಕ್ಕಲ್ ಮತ್ತು ಕಬ್ಬಿಣ ಗಾರೆಯಂತೆ ಕರಗಿ, ಟಂಗ್‌ಸ್ಟನ್ ಕಣ ಬಹುಮಟ್ಟಿಗೆ ಕಲ್ಲಾಗಿಯೇ ಉಳಿದರೆ ಸಾಕು. 240 ವಾಟ್‌ಗೆ ಇಳಿಸಿ ವೇಗವನ್ನು 400ಕ್ಕೆ ಏರಿಸಿದೆ, ಅಂದರೆ 250 ಜೂಲ್. ಇನ್ನೂ ಕೆಳಗಿಳಿದರೆ ಗಾರೆ ಹರಡದೆ ಉಂಡೆಗಟ್ಟುತ್ತದೆ. ನೀರಿನಲ್ಲಿ ತೂಗಿ ನೋಡಿದಾಗ ಸಾಂದ್ರತೆ 16.4 ಬಂತು, ಈ ಮಿಶ್ರಣಕ್ಕೆ ಸಾಧ್ಯವಿರುವ ಗರಿಷ್ಠ 17ಕ್ಕೆ ತುಸು ಮೇಲೆ. ಹೈಡ್ರೋಜನ್ ಕುಲುಮೆಯಲ್ಲಿ 1480 ಡಿಗ್ರಿಯ ಸುಮಾರಿಗೆ ಮತ್ತೆ ಕಾಯಿಸಿದರೆ ಉಳಿದ ರಂಧ್ರಗಳೂ ಮುಚ್ಚುತ್ತವೆ, ಆದರೆ ಆ ಶಾಖದಲ್ಲಿ ಗಾರೆ ಮತ್ತೆ ದ್ರವವಾಗಿ ಅರ್ಧ ಮಿಲಿಮೀಟರಿನ ಗೋಡೆಗಳು ಕುಸಿಯುವ ಭಯವಿತ್ತು. ಜಾಲರಿ ಭಾರ ಹೊರುವ ವಸ್ತುವಲ್ಲ. ಈ ಬದಿಯಿಂದ ಆ ಬದಿಗೆ ಹಾಯುವ ಬಿರುಕಿನಿಂದ ಕಿರಣ ಸೋರುತ್ತದೆ, ಒಳಗೇ ಮುಚ್ಚಿಕೊಂಡ ರಂಧ್ರದಿಂದ ತಡೆ ತುಸು ಕಡಿಮೆಯಾಗುತ್ತದೆ ಅಷ್ಟೆ. ಹಾಗಾಗಿ ಕುಲುಮೆಯ ಗೊಡವೆಗೆ ಹೋಗಲಿಲ್ಲ.

ಪುಡಿಯ ವಿಷಯದಲ್ಲಿ ಮಲೆನಾಡಿನವರು ಹೆಚ್ಚು ಎಚ್ಚರ ವಹಿಸಬೇಕು. ಆಷಾಢದ ಥಂಡಿಯಲ್ಲಿ ಡಬ್ಬಿ ತೆರೆದಿಟ್ಟರೆ ಪುಡಿ ತೇವ ಹಿಡಿದು ಗಂಟಾಗುತ್ತದೆ, ಹಾಸುವ ಪಟ್ಟಿಯ ಮುಂದೆ ಜಾರದೆ ಸೀಳು ಬಿಡುತ್ತದೆ. ಪ್ರತಿ ಬಾರಿಯೂ ನಿರ್ವಾತ ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಿ, ಬೆಳಿಗ್ಗೆ ಮತ್ತೆ ಉರುಳಿಸಿ ಬೆರೆಸಿದ ಮೇಲೆಯೇ ಯಂತ್ರಕ್ಕೆ ಸುರಿಯುತ್ತೇನೆ, ಏಕೆಂದರೆ ಡಬ್ಬಿ ಅಲುಗಾಡಿದರೂ ಟಂಗ್‌ಸ್ಟನ್ ಮತ್ತು ನಿಕ್ಕಲ್ ಬೇರೆಯಾಗತೊಡಗುತ್ತವೆ. ನಿಕ್ಕಲ್ ಧೂಳು ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವುದರಿಂದ, ಬಟ್ಟೆಯ ಮಾಸ್ಕ್ ಕಟ್ಟಿಕೊಂಡು ಬಂದ ಹುಡುಗರನ್ನು ಒಳಗೆ ಬಿಡುವುದಿಲ್ಲ, ಸರಿಯಾದ ರೆಸ್ಪಿರೇಟರ್ ಇರಲೇಬೇಕು.

ಮಳೆಗಾಲದ ಇನ್ನೊಂದು ಕಾಟ ಕರೆಂಟು. ಯುಪಿಎಸ್ ಕೈಕೊಟ್ಟ ಒಂದು ರಾತ್ರಿ ಕೆಲಸ ಅರ್ಧಕ್ಕೆ ನಿಂತು, ಪ್ಲೇಟ್ ತಣ್ಣಗಾದ ಮೇಲೆ ಅಲ್ಲಿಂದಲೇ ಮುಂದುವರಿಸಿದೆ. ಹೊರಗೆ ಕೂದಲೆಳೆಯಂಥ ಒಂದು ಗೆರೆ ಬಿಟ್ಟರೆ ಏನೂ ಕಾಣಲಿಲ್ಲ. ವೈಸ್‌ಗೆ ಕಟ್ಟಿ ಬಿಗಿದಾಗ ಸರಿಯಾಗಿ ಆ ಗೆರೆಯಲ್ಲೇ ಎರಡಾಯಿತು. ಈಗ ಅರ್ಧಕ್ಕೆ ನಿಂತ ತುಣುಕನ್ನು ಮುಂದುವರಿಸುವುದಿಲ್ಲ, ಪ್ಲೇಟಿನಿಂದ ಕತ್ತರಿಸಿ ಗುಜರಿ ಡಬ್ಬಿಗೆ ಹಾಕಿ, ಪುಡಿಯನ್ನು ಜರಡಿ ಹಿಡಿದು ಮೊದಲ ಪದರದಿಂದ ಶುರುಮಾಡುತ್ತೇನೆ.